ಗೊತ್ತಿರುವ ಶಬ್ದ, ಗೊತ್ತಾಗದ ವಾಕ್ಯ
(ಜಪಾನೀ ಕಲಿಯುವ ಚೀನೀ ವಿದ್ಯಾರ್ಥಿಗಳಿಂದ ನಮಗೊಂದು ಪಾಠ)

ಎಂಟನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ನಡೆದ ಒಂದು ಸಣ್ಣ ಸಂಗತಿಯಿಂದ ಈ ಲೇಖನವನ್ನು ಪ್ರಾರಂಭಿಸುತ್ತೇವೆ. ನಾವು ಕೊಟ್ಟಿದ್ದ ಗದ್ಯಭಾಗದಲ್ಲಿ "ರೈಲು ಬರುವ ಹೊತ್ತಾಗಿತ್ತು. ಅವಸರದಲ್ಲಿ ಅವನು ಚೀಟಿಯನ್ನು ಮನೆಯಲ್ಲೇ ಬಿಟ್ಟು ಬಂದ" ಎಂಬ ಎರಡು ವಾಕ್ಯಗಳಿದ್ದವು. "ಚೀಟಿಯನ್ನು ಬಿಟ್ಟು ಬರಲು ಕಾರಣವೇನು?" ಎಂಬುದು ಪ್ರಶ್ನೆ. ಒಬ್ಬ ವಿದ್ಯಾರ್ಥಿ, "ಅವನಿಗೆ ಒಳ್ಳೆಯ ಅವಕಾಶ ಸಿಕ್ಕಿದ್ದರಿಂದ" ಎಂದು ಬರೆದಿದ್ದ. ನಾವು ಕೆಂಪು ಶಾಯಿಯಲ್ಲಿ ಗೀಟೆಳೆದು, "ಗದ್ಯಭಾಗವನ್ನು ಓದಿಲ್ಲ" ಎಂದು ಬದಿಯಲ್ಲಿ ಬರೆದು ಮುಂದಿನ ಪತ್ರಿಕೆಗೆ ಹೋದೆವು.

ಪತ್ರಿಕೆಗಳನ್ನು ಹಿಂದೆ ಕೊಟ್ಟ ದಿನ ಆ ಹುಡುಗ ನಮ್ಮ ಮೇಜಿನ ಬಳಿ ಬಂದು ನಿಂತ. "ಸಾರ್, ನಾನು ಎರಡು ಸಲ ಓದಿದ್ದೇನೆ. ಅವಸರ ನನಗೆ ಗೊತ್ತಿರುವ ಶಬ್ದವೇ" ಎಂದ. ಅವನ ಕಣ್ಣು ತುಂಬಿತ್ತು. ವಿಚಾರಿಸಿದಾಗ ವಿಷಯ ತಿಳಿಯಿತು. ಅವನ ಮನೆಯ ಆಸುಪಾಸಿನಲ್ಲಿ ಎಲ್ಲರೂ ಆಡುವುದು ಮಲಯಾಳ. ಮಲಯಾಳದಲ್ಲಿ 'ಅವಸರಂ' ಎಂದರೆ ಅವಕಾಶ. ಶಾಲೆಯಲ್ಲಿ ಕಲಿಯುವ ಹಿಂದಿಯಲ್ಲೂ 'ಅವಸರ್' ಎಂದರೆ ಅವಕಾಶವೇ. ಎರಡು ಭಾಷೆಗಳು ಒಂದೇ ಸಾಕ್ಷಿ ಹೇಳಿದ ಮೇಲೆ ಹುಡುಗ ಯಾಕೆ ಸಂಶಯ ಪಡಬೇಕು? ಅವನ ಉತ್ತರ ತಪ್ಪು, ನಿಜ. ಆದರೆ ಓದಿದವನನ್ನು 'ಓದಿಲ್ಲ' ಎಂದ ನಮ್ಮ ಟಿಪ್ಪಣಿ ಅದಕ್ಕಿಂತ ದೊಡ್ಡ ತಪ್ಪು.

ಮುಂದಿನ ವಾರ ಅವನ ತಂದೆ ಶಾಲೆಗೆ ಬಂದರು. "ಮಾಸ್ಟ್ರೇ, ನಾಲ್ಕು ಭಾಷೆ ಸೇರಿ ಇವನ ತಲೆ ಕಲಸಿ ಹೋಗಿದೆ. ಬರುವ ವರ್ಷ ಬೇರೆ ಮಾಧ್ಯಮಕ್ಕೆ ಹಾಕಿದರೆ ಹೇಗೆ?" ಎಂದು ಕೇಳಿದರು. ಆ ಕ್ಷಣದಲ್ಲಿ ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆಮೇಲೆ ಭಾಷಾಬೋಧನೆಗೆ ಸಂಬಂಧಿಸಿದ ಬರಹಗಳನ್ನು ಓದುತ್ತಿದ್ದಾಗ, ನಮ್ಮ ಹುಡುಗನಿಗೆ ಆದದ್ದೇ ಬಹು ದೂರದ ದೇಶವೊಂದರಲ್ಲಿ ಲಕ್ಷಾಂತರ ವಿದ್ಯಾರ್ಥಿಗಳಿಗೆ ದಿನವೂ ಆಗುತ್ತಿದೆ ಎಂಬುದು ತಿಳಿಯಿತು. ಅವರೇ ಜಪಾನೀ ಭಾಷೆ ಕಲಿಯುವ ಚೀನೀ ವಿದ್ಯಾರ್ಥಿಗಳು. ಅವರ ಕಥೆಯನ್ನು ಇಲ್ಲಿ ವಿವರವಾಗಿ ಹೇಳುತ್ತೇವೆ. ಆ ತಂದೆಯವರ ಪ್ರಶ್ನೆಗೆ ನಮ್ಮ ಉತ್ತರವೂ ಅದರಲ್ಲೇ ಇದೆ.

ಒಂದೇ ಅಕ್ಷರ, ಎರಡು ಮನೆ

ಜಪಾನ್ ಫೌಂಡೇಶನ್ ಎಂಬ ಸಂಸ್ಥೆ 2021ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಜಪಾನಿನ ಹೊರಗೆ ಸುಮಾರು 38 ಲಕ್ಷ ಜನರು ಶಾಲೆ ಕಾಲೇಜುಗಳಲ್ಲಿ ಜಪಾನೀ ಭಾಷೆ ಕಲಿಯುತ್ತಿದ್ದರು. ಅವರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಚೀನಾದವರು. ಬೇರೆ ಯಾವ ದೇಶದಲ್ಲೂ ಇಷ್ಟು ಜನ ಜಪಾನೀ ಕಲಿಯುವವರಿರಲಿಲ್ಲ.

ಚೀನೀ ಮತ್ತು ಜಪಾನೀ ಒಂದೇ ಕುಟುಂಬದ ಭಾಷೆಗಳೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಉಚ್ಚಾರ, ವ್ಯಾಕರಣ, ಮೂಲ ಶಬ್ದಗಳು ಎಲ್ಲವೂ ಬೇರೆ ಬೇರೆ. ಆದರೆ ಜಪಾನೀಯರಿಗೆ ಮೊದಲಲ್ಲಿ ಸ್ವಂತ ಲಿಪಿ ಇರಲಿಲ್ಲ. ಕ್ರಿಸ್ತಶಕ 5ನೆಯ ಶತಮಾನದ ಸುಮಾರಿಗೆ ಕೊರಿಯಾದ ಮಾರ್ಗವಾಗಿ ಚೀನಾದ ಅಕ್ಷರಗಳು ಅಲ್ಲಿಗೆ ಬಂದವು. ಚೀನಾದ ಅಕ್ಷರ ನಮ್ಮ 'ಕ', 'ಗ'ಗಳಂತೆ ಬರಿಯ ಧ್ವನಿಯ ಗುರುತಲ್ಲ. ಒಂದೊಂದು ಅಕ್ಷರಕ್ಕೂ ಒಂದು ಅರ್ಥವಿದೆ. ಬೆಟ್ಟಕ್ಕೆ ಒಂದು ಅಕ್ಷರ, ನೀರಿಗೆ ಒಂದು, ಕೈಗೆ ಒಂದು. ಇವುಗಳನ್ನು ಜಪಾನೀಯರು 'ಕಾಂಜಿ' ಎಂದು ಕರೆಯುತ್ತಾರೆ. ನಮ್ಮ ನೆರೆಯ ಮಲಯಾಳದ 'ಕಂಜಿ'ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ! ಕಿವಿಗೆ ಒಂದೇ ತೆರನಾಗಿ ಕೇಳಿದ ಮಾತ್ರಕ್ಕೆ ಅರ್ಥ ಒಂದಾಗುವುದಿಲ್ಲ ಎಂಬುದಕ್ಕೆ ಇದೇ ಮೊದಲ ಉದಾಹರಣೆಯಾಗಲಿ.

ಕಾಂಜಿಯಿಂದ ಮಾತ್ರ ಜಪಾನಿ ಬರೆಯಲು ಸಾಧ್ಯವಾಗಲಿಲ್ಲ. ಅವರ ಭಾಷೆಯಲ್ಲಿ ನಮ್ಮಲ್ಲಿರುವಂತೆ ಶಬ್ದಗಳ ಕೊನೆಗೆ ಪ್ರತ್ಯಯಗಳು ಸೇರುತ್ತವೆ. ಚೀನೀ ಭಾಷೆಯಲ್ಲಿ ಇಂಥ ಪ್ರತ್ಯಯಗಳ ವ್ಯವಸ್ಥೆಯಿಲ್ಲ. ಆದ್ದರಿಂದ 9ನೆಯ ಶತಮಾನದ ಸುಮಾರಿಗೆ ಚೀನಾದ ಅಕ್ಷರಗಳನ್ನೇ ಸರಳಗೊಳಿಸಿ, ಧ್ವನಿಯನ್ನು ಮಾತ್ರ ಸೂಚಿಸುವ ಹಿರಗಾನ, ಕತಕಾನ ಎಂಬ ಎರಡು ಅಕ್ಷರಮಾಲೆಗಳನ್ನು ಮಾಡಿಕೊಂಡರು. ಇಂದು ಒಂದೊಂದರಲ್ಲೂ 46 ಮೂಲ ಅಕ್ಷರಗಳಿವೆ. ಈಗಿನ ಜಪಾನೀ ವಾಕ್ಯವೆಂದರೆ ಈ ಮೂರರ ಹೆಣಿಗೆ. ಮುಖ್ಯ ಶಬ್ದಗಳು ಹೆಚ್ಚಾಗಿ ಕಾಂಜಿಯಲ್ಲಿ, ಪ್ರತ್ಯಯಗಳು ಹಿರಗಾನದಲ್ಲಿ, ಇಂಗ್ಲಿಷ್ ಮೊದಲಾದ ಹೊರನಾಡಿನ ಶಬ್ದಗಳು ಕತಕಾನದಲ್ಲಿ.

ದಿನಬಳಕೆಗೆ ಬೇಕಾದ ಕಾಂಜಿಗಳ ಪಟ್ಟಿಯೊಂದನ್ನು ಜಪಾನ್ ಸರಕಾರ ಪ್ರಕಟಿಸಿದೆ. 1981ರ ಪಟ್ಟಿಯಲ್ಲಿ 1,945 ಅಕ್ಷರಗಳಿದ್ದವು. 2010ರಲ್ಲಿ ಅವು 2,136 ಆದವು. ಭಾರತದಿಂದ ಹೋದ ವಿದ್ಯಾರ್ಥಿಗೆ ಇಷ್ಟು ಅಕ್ಷರ ಕಲಿಯಲು ವರ್ಷಗಳೇ ಬೇಕು. ಚೀನೀ ವಿದ್ಯಾರ್ಥಿಯಾದರೋ ಬಾಲ್ಯದಲ್ಲೇ ಇವುಗಳಲ್ಲಿ ಬಹುಪಾಲನ್ನು ಕಲಿತು ಬಂದಿರುತ್ತಾನೆ. ಎರಡು ದೇಶಗಳೂ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಕ್ಷರಗಳನ್ನು ತಮ್ಮ ತಮ್ಮ ರೀತಿಯಲ್ಲಿ ಸರಳಗೊಳಿಸಿದ್ದರಿಂದ ಕೆಲವು ರೂಪಗಳು ಬೇರೆಯಾಗಿವೆ. ಆದರೂ ಪರಿಚಯ ತಪ್ಪುವುದಿಲ್ಲ. ಮೊದಲ ದಿನವೇ ಜಪಾನೀ ವೃತ್ತಪತ್ರಿಕೆಯನ್ನು ಬಿಡಿಸಿದರೆ 'ಇತಿಹಾಸ', 'ಗ್ರಂಥಾಲಯ', 'ದೂರವಾಣಿ' ಮುಂತಾದ ಶಬ್ದಗಳು ಅವನ ಕಣ್ಣಿಗೆ ಬೀಳುತ್ತವೆ, ಅರ್ಥವೂ ಆಗುತ್ತವೆ. ಇದು ದೊಡ್ಡ ಸಂಪತ್ತು. ಆದರೆ ಸಂಪತ್ತಿರುವಲ್ಲಿ ಮೋಸವೂ ಹೊಂಚುಹಾಕುತ್ತದೆ.

ನಾಲ್ಕು ಬುಟ್ಟಿಗಳು

ಜಪಾನಿನ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆ 1978ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿತು. ಕಾಂಜಿಯಲ್ಲಿ ಬರೆಯುವ ಜಪಾನೀ ಶಬ್ದಗಳನ್ನು ಚೀನೀ ಶಬ್ದಗಳ ಜೊತೆ ಹೋಲಿಸಿ ನಾಲ್ಕು ಗುಂಪು ಮಾಡಿದ ಕೆಲಸ ಅದು. ಅಧ್ಯಾಪಕರಿಗೆ ಬಹಳ ಉಪಯುಕ್ತವಾದ ಈ ವಿಂಗಡಣೆಯನ್ನು ನಾಲ್ಕು ಬುಟ್ಟಿಗಳೆಂದು ಭಾವಿಸೋಣ.

ಮೊದಲನೆಯ ಬುಟ್ಟಿಯಲ್ಲಿ ಎರಡು ಭಾಷೆಗಳಲ್ಲೂ ಅರ್ಥ ಒಂದೇ ಇರುವ ಶಬ್ದಗಳು. ಮೇಲೆ ಹೇಳಿದ 'ಇತಿಹಾಸ', 'ಗ್ರಂಥಾಲಯ' ಇಂಥವು. ನಾಲ್ಕರಲ್ಲಿ ಇದೇ ಅತಿ ದೊಡ್ಡ ಬುಟ್ಟಿ.

ಎರಡನೆಯದರಲ್ಲಿ ಅರ್ಥ ಸ್ವಲ್ಪ ಸೇರಿ ಸ್ವಲ್ಪ ಬೇರೆಯಾಗುವ ಶಬ್ದಗಳು. 'ಪೂರ್ವ' ಮತ್ತು 'ಪಶ್ಚಿಮ' ಎಂಬ ಎರಡು ಅಕ್ಷರಗಳನ್ನು ಜೊತೆಗೆ ಬರೆದರೆ ಜಪಾನಿಯಲ್ಲಿ ಪೂರ್ವಪಶ್ಚಿಮ ದಿಕ್ಕುಗಳು ಎಂದೇ ಅರ್ಥ. ಚೀನಿಯಲ್ಲಿ ಆ ಅರ್ಥವೂ ಇದೆ. ಆದರೆ ದಿನದ ಮಾತಿನಲ್ಲಿ ಅದು 'ವಸ್ತು', 'ಸಾಮಾನು' ಎಂಬುದಕ್ಕೆ ಬಳಕೆಯಾಗುತ್ತದೆ.

ಮೂರನೆಯದರಲ್ಲಿ ಬರಹ ಒಂದೇ, ಅರ್ಥ ಪೂರ್ತಿ ಬೇರೆ. ಚೀನಿಯಲ್ಲಿ 'ತಾಯಿ' ಎಂದಾಗುವ ಒಂದು ಅಕ್ಷರ ಜಪಾನಿಯಲ್ಲಿ 'ಮುಸುಮೆ', ಅಂದರೆ ಮಗಳು! 'ಕೈ' ಮತ್ತು 'ಕಾಗದ' ಎಂಬ ಎರಡು ಅಕ್ಷರಗಳು ಸೇರಿದರೆ ಜಪಾನಿಯಲ್ಲಿ 'ತೆಗಾಮಿ', ಅಂದರೆ ಪತ್ರ. ನಾವೂ "ಅಣ್ಣನ ಕಾಗದ ಬಂತು" ಎನ್ನುತ್ತೇವಲ್ಲ, ಹಾಗೆ. ಅದೇ ಎರಡು ಅಕ್ಷರಗಳು ಚೀನಿಯಲ್ಲಿ ಶೌಚಕ್ಕೆ ಬಳಸುವ ಕಾಗದ! ಜಪಾನಿಯಲ್ಲಿ 'ಬೆಂಕ್ಯೋ' ಎಂದರೆ ವ್ಯಾಸಂಗ, ಓದು. ಅದನ್ನು ಬರೆಯುವ ಅಕ್ಷರಗಳಿಗೆ ಚೀನಿಯಲ್ಲಿ 'ಒಲ್ಲದ ಮನಸ್ಸಿನಿಂದ' ಎಂಬ ಅರ್ಥವಿದೆ. ಎರಡೂ ಒಂದೇ ಅಲ್ಲವೇ ಎಂದು ನಮ್ಮ ಕೆಲವು ವಿದ್ಯಾರ್ಥಿಗಳು ಕೇಳಿಯಾರು!

ನಾಲ್ಕನೆಯದರಲ್ಲಿ ಜಪಾನಿನಲ್ಲಿ ಮಾತ್ರ ಇರುವ ಜೋಡಣೆಗಳು. ಅಂಚೆಚೀಟಿಗೆ ಅವರು 'ಕಿತ್ತೆ' ಎನ್ನುತ್ತಾರೆ. ಬರೆಯುವುದು 'ಕತ್ತರಿಸು' ಮತ್ತು 'ಕೈ' ಎಂಬ ಅಕ್ಷರಗಳಿಂದ. ಮೊದಲ ಸಲ ಕಂಡ ಚೀನೀ ವಿದ್ಯಾರ್ಥಿ ಅಂಚೆ ಕಚೇರಿಯಲ್ಲಿ ಕೈ ಕತ್ತರಿಸುವ ಕೆಲಸವೇನಪ್ಪ ಎಂದು ಬೆರಗಾಗಬೇಕು.

ಇವುಗಳಲ್ಲಿ ಯಾವ ಬುಟ್ಟಿ ಅತಿ ಅಪಾಯಕರ? ನಾಲ್ಕನೆಯದೆಂದು ಮೊದಲು ತೋರುತ್ತದೆ. ನಿಜವಾಗಿ ಹಾಗಲ್ಲ. ಅಂಚೆ ಕಚೇರಿಯಲ್ಲಿ 'ಕೈ ಕತ್ತರಿಸು' ಎಂಬುದು ಹೊಂದುವುದಿಲ್ಲವಾದ್ದರಿಂದ ಓದುಗ ಅಲ್ಲೇ ನಿಲ್ಲುತ್ತಾನೆ, ಕೋಶ ನೋಡುತ್ತಾನೆ, ಇಲ್ಲವೇ ಯಾರನ್ನಾದರೂ ಕೇಳುತ್ತಾನೆ. ಎರಡನೆಯ, ಮೂರನೆಯ ಬುಟ್ಟಿಯ ಶಬ್ದಗಳು ಹಾಗೆ ನಿಲ್ಲಿಸುವುದಿಲ್ಲ. ಪರಿಚಯದ ಮುಖ ತೋರಿಸಿ ನಗುತ್ತಾ ಒಳಗೆ ಬರುತ್ತವೆ. ಗೊತ್ತಿಲ್ಲದವನು ನಿಂತು ಕೇಳುತ್ತಾನೆ. ಗೊತ್ತಿದೆ ಎಂದುಕೊಂಡವನು ಕೇಳದೆ ಮುಂದೆ ಹೋಗುತ್ತಾನೆ. ನಮ್ಮ ಹುಡುಗ 'ಅವಸರ'ದ ಮುಂದೆ ನಿಲ್ಲದೆ ಹೋದದ್ದೂ ಹೀಗೆಯೇ.

ನೂರರಲ್ಲಿ ಎಷ್ಟು ಶಬ್ದ ಗೊತ್ತಿರಬೇಕು?

ಒಂದು ಬರಹ ಅರ್ಥವಾಗಬೇಕಾದರೆ ಅದರಲ್ಲಿರುವ ಶಬ್ದಗಳಲ್ಲಿ ಎಷ್ಟು ಪಾಲು ಓದುಗನಿಗೆ ಗೊತ್ತಿರಬೇಕು ಎಂಬುದನ್ನು ವಿದ್ವಾಂಸರು ಪರೀಕ್ಷಿಸಿ ನೋಡಿದ್ದಾರೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಓದುವವರ ಬಗ್ಗೆ ಹು ಮತ್ತು ನೇಶನ್ ಎಂಬವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರ ನೆರವೂ ಇಲ್ಲದೆ ಕಥೆಯೊಂದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಲು ನೂರಕ್ಕೆ ಸುಮಾರು 98 ಶಬ್ದಗಳು ಗೊತ್ತಿರಬೇಕೆಂದು ಕಂಡುಬಂತು. ಜಪಾನಿಯನ್ನು ಕಲಿಯುವವರ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪ್ರಮಾಣವನ್ನು ಸುಮಾರು 96 ಎಂದು ಹೇಳಿತು. ಅಂದರೆ ಇಪ್ಪತ್ತೈದು ಶಬ್ದಗಳಿಗೆ ಒಂದು ಗೊತ್ತಿಲ್ಲದಿದ್ದರೂ ಹೇಗೋ ನಿಭಾಯಿಸಬಹುದು. ಅದಕ್ಕಿಂತ ಹೆಚ್ಚಾದರೆ ಅರ್ಥ ಕೈತಪ್ಪುತ್ತದೆ. ಹತ್ತರಲ್ಲಿ ಒಂಬತ್ತು ಶಬ್ದ ಗೊತ್ತಿದ್ದರೆ ಸಾಕೆಂದು ನಾವೆಲ್ಲ ಎಣಿಸುತ್ತೇವೆ. ಈ ಲೆಕ್ಕದ ಪ್ರಕಾರ ಅದು ಸಾಲದು.

ಆದರೆ ಇಲ್ಲೊಂದು ತೊಡಕಿದೆ. ಯಾವ ಶಬ್ದವನ್ನು 'ಗೊತ್ತಿದೆ' ಎಂದು ಎಣಿಸುವುದು? ಚೀನೀ ವಿದ್ಯಾರ್ಥಿಗೆ ಒಂದು ಪಟ್ಟಿ ಕೊಟ್ಟು, "ನಿನಗೆ ಗೊತ್ತಿರುವ ಶಬ್ದಗಳಿಗೆ ಗುರುತು ಹಾಕು" ಎಂದರೆ ಅವನು 'ಮುಸುಮೆ'ಗೂ ಗುರುತು ಹಾಕುತ್ತಾನೆ, 'ತೆಗಾಮಿ'ಗೂ ಹಾಕುತ್ತಾನೆ. ಲೆಕ್ಕದಲ್ಲಿ ನೂರಕ್ಕೆ ನೂರು! ಈಗ ಈ ಪುಟ್ಟ ಜಪಾನೀ ವಾಕ್ಯವನ್ನು ನೋಡಿರಿ:

"ಕಿನೋ ಮುಸುಮೆ ಕರ ತೆಗಾಮಿ ಗ ಕಿತ."

ಇದರ ಅರ್ಥ, "ನಿನ್ನೆ ಮಗಳಿಂದ ಪತ್ರ ಬಂತು." ಈ ವಾಕ್ಯದಲ್ಲಿ ಕಾಂಜಿಯಲ್ಲಿ ಬರೆಯುವುದು 'ನಿನ್ನೆ', 'ಮಗಳು', 'ಪತ್ರ', 'ಬರು' ಎಂಬ ನಾಲ್ಕನ್ನು. ನಾಲ್ಕೂ ಚೀನೀ ವಿದ್ಯಾರ್ಥಿಯ ಕಣ್ಣಿಗೆ ಚಿರಪರಿಚಿತ. ಹೊಸದಾಗಿ ಕಲಿಯುವವನು ಅವುಗಳನ್ನಷ್ಟೇ ನೋಡಿ ಓದಿದರೆ ಸಿಗುವುದು: ನಿನ್ನೆ, ತಾಯಿ, ಶೌಚದ ಕಾಗದ, ಬರು! ಗೊತ್ತಿಲ್ಲದ ಶಬ್ದ ಒಂದೂ ಇಲ್ಲ. ಸರಿಯಾದ ಅರ್ಥವೂ ಇಲ್ಲ.

ಆದ್ದರಿಂದಲೇ ಶಬ್ದಜ್ಞಾನಕ್ಕೆ ಎರಡು ಅಳತೆಗಳಿವೆ ಎನ್ನುತ್ತಾರೆ. ಎಷ್ಟು ಶಬ್ದ ಗೊತ್ತು ಎಂಬುದು ವಿಸ್ತಾರ. ಒಂದೊಂದು ಶಬ್ದ ಎಷ್ಟು ಚೆನ್ನಾಗಿ ಗೊತ್ತು ಎಂಬುದು ಆಳ. ಶಬ್ದದ ಉಚ್ಚಾರ, ಅದರ ಬೇರೆ ಬೇರೆ ಅರ್ಥ, ಅದು ಯಾವ ಶಬ್ದದ ಜೊತೆ ಸೇರುತ್ತದೆ, ಎಲ್ಲಿ ಸೇರುವುದಿಲ್ಲ ಎಂಬ ತಿಳಿವೆಲ್ಲ ಆಳಕ್ಕೆ ಸೇರಿದ್ದು. ಮದ್ದಿನ ವಿಷಯವನ್ನೇ ತೆಗೆದುಕೊಳ್ಳಿ. ಚೀನಿಯಲ್ಲಿ ಮದ್ದನ್ನು 'ತಿನ್ನುತ್ತಾರೆ'. ಜಪಾನಿಯಲ್ಲಿ ಮಾತ್ರೆಯಾದರೂ 'ಕುಡಿಯುತ್ತಾರೆ'. ನಾವು ಮಾತ್ರೆಯನ್ನು ನುಂಗುತ್ತೇವೆ, ಕಷಾಯವನ್ನು ಕುಡಿಯುತ್ತೇವೆ. ಮದ್ದು, ತಿನ್ನು, ಕುಡಿ ಎಂಬ ಮೂರು ಶಬ್ದಗಳನ್ನು ಬಿಡಿಬಿಡಿಯಾಗಿ ಬಲ್ಲವನಿಗೂ ಅವು ಯಾವುದರೊಡನೆ ಯಾವುದು ಹೊಂದುತ್ತದೆ ಎಂಬುದು ತಾನಾಗಿ ಬರುವುದಿಲ್ಲ.

ಸಣ್ಣ ಅಕ್ಷರಗಳ ದೊಡ್ಡ ಅಧಿಕಾರ

ಚೀನೀ ವಾಕ್ಯದಲ್ಲಿ ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದನ್ನು ಮುಖ್ಯವಾಗಿ ಶಬ್ದಗಳ ಕ್ರಮವೇ ತಿಳಿಸುತ್ತದೆ. ಕರ್ತೃ ಮೊದಲು, ಕ್ರಿಯಾಪದ ನಡುವೆ, ಕರ್ಮ ಕೊನೆಗೆ. ಜಪಾನೀ ವಾಕ್ಯರಚನೆ ಕನ್ನಡದಂತೆ. ಕ್ರಿಯಾಪದ ಕೊನೆಗೇ ಬರಬೇಕು. "ವತಾಶಿ ವ ಹೊನ್ ಒ ಯೊಮಿಮಸು" ಎಂಬುದನ್ನು ಒಂದೊಂದೇ ಶಬ್ದವಾಗಿ ಅದೇ ಕ್ರಮದಲ್ಲಿ ಕನ್ನಡಕ್ಕೆ ತಂದರೆ "ನಾನು ಪುಸ್ತಕವನ್ನು ಓದುತ್ತೇನೆ" ಎಂದಾಗುತ್ತದೆ. ಇಲ್ಲಿಯ 'ಒ' ಎಂಬುದು ನಮ್ಮ ದ್ವಿತೀಯಾ ವಿಭಕ್ತಿಯ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತದೆ. ಮೇಲಿನ ವಾಕ್ಯದ 'ಕರ' ಎಂಬುದು ನಮ್ಮ 'ಇಂದ'.

ಈಗ ಇನ್ನೆರಡು ವಾಕ್ಯಗಳು. "ಸೆನ್ಸೇ ಗ ಯೊಂದ" ಎಂದರೆ ಅಧ್ಯಾಪಕರು ಕರೆದರು. "ಸೆನ್ಸೇ ಒ ಯೊಂದ" ಎಂದರೆ ಅಧ್ಯಾಪಕರನ್ನು ಕರೆದರು. ಎರಡರಲ್ಲೂ ಕಾಂಜಿಗಳು ಅವೇ. ಬದಲಾದದ್ದು ಹಿರಗಾನದ ಒಂದು ಸಣ್ಣ ಅಕ್ಷರ ಮಾತ್ರ. ಆದರೆ ಕರೆದವರು ಯಾರು, ಕರೆಸಿಕೊಂಡವರು ಯಾರು ಎಂಬುದು ಅದರಿಂದ ಅದಲುಬದಲಾಯಿತು. ಕಾಂಜಿಯಿಂದ ಕಾಂಜಿಗೆ ಹಾರುತ್ತಾ ಓದುವ ವಿದ್ಯಾರ್ಥಿಗೆ ಎರಡು ವಾಕ್ಯಗಳೂ ಒಂದೇ.

ನಿಷೇಧಾರ್ಥವೂ ಹಾಗೆಯೇ. ಚೀನಿಯಲ್ಲಿ 'ಇಲ್ಲ' ಎಂಬುದು ಕ್ರಿಯಾಪದದ ಮೊದಲೇ ಬಂದು ಎಚ್ಚರಿಸುತ್ತದೆ. ಜಪಾನಿಯಲ್ಲಿ, ನಮ್ಮಲ್ಲಿರುವಂತೆ, ಅದು ಕೊನೆಗೆ ಬರುತ್ತದೆ. 'ಇಕಿಮಸು' ಎಂದರೆ ಹೋಗುತ್ತೇನೆ, 'ಇಕಿಮಸೆನ್' ಎಂದರೆ ಹೋಗುವುದಿಲ್ಲ. ವಾಕ್ಯದ ಬಾಲವನ್ನು ನೋಡದೆ ತಲೆಯನ್ನು ಮಾತ್ರ ನೋಡಿದವನು 'ಹೌದು' ಎಂದುಕೊಂಡದ್ದು 'ಅಲ್ಲ' ಆಗಿರುತ್ತದೆ.

ಇದಕ್ಕೊಂದು ಸ್ವಾರಸ್ಯವಾದ ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಜಪಾನಿನ ಶಾಲೆಯ ಜಗಲಿಯಲ್ಲಿ "ಇಲ್ಲಿ ಓಡಬೇಡಿ" ಎಂಬ ಬೋರ್ಡು ಇದೆ. ಅದರಲ್ಲಿರುವ 'ಓಡು' ಎಂಬ ಕಾಂಜಿ ಇಂದಿನ ಚೀನಿಯಲ್ಲಿ 'ನಡೆ' ಎಂದಾಗುತ್ತದೆ. 'ಬೇಡಿ' ಎಂಬ ಭಾಗ ಕೊನೆಯಲ್ಲಿ ಹಿರಗಾನದಲ್ಲಿದೆ. ಆಗಷ್ಟೇ ಬಂದ ಚೀನೀ ವಿದ್ಯಾರ್ಥಿ ಕಾಂಜಿಗಳನ್ನು ಮಾತ್ರ ಓದಿ, "ಜಗಲಿಯಲ್ಲಿ ನಡೆಯಿರಿ" ಎಂದು ತಿಳಿದುಕೊಂಡು ನಿಧಾನವಾಗಿ ನಡೆದೇ ಹೋಗುತ್ತಾನೆ. ಅಧ್ಯಾಪಕರು ನೋಡಿ, "ಭೇಷ್! ಬೋರ್ಡನ್ನು ಸರಿಯಾಗಿ ಓದಿದ್ದಾನೆ" ಎಂದು ಮೆಚ್ಚುತ್ತಾರೆ! ಎರಡು ತಪ್ಪುಗಳು ಸೇರಿ ಒಂದು ಸರಿಯಾಯಿತು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಗಳಲ್ಲಿ ನಮ್ಮ ಎಷ್ಟೋ ಮಕ್ಕಳ ಸರಿಯುತ್ತರಗಳು ಇಂಥವೇ ಎಂಬ ಸಂಶಯ ನಮಗಿದೆ. ಸರಿಯುತ್ತರ ಬಂದಿತೆಂದು ಓದು ಸರಿಯಾಯಿತೆಂದು ಹೇಳುವಂತಿಲ್ಲ.

ಕಣ್ಣು ಬಲ್ಲದು, ಕಿವಿ ಬಲ್ಲದೆ?

ಚೀನಿಯಲ್ಲಿ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ ಒಂದೇ ಉಚ್ಚಾರ. ಜಪಾನಿಯಲ್ಲಿ ಹಾಗಿಲ್ಲ. 'ಬೆಟ್ಟ' ಎಂಬ ಅಕ್ಷರವನ್ನು ಬಿಡಿಯಾಗಿ 'ಯಾಮ' ಎಂದು ಓದುತ್ತಾರೆ. ಫೂಜಿ ಪರ್ವತದ ಹೆಸರಿನಲ್ಲಿ ಅದೇ ಅಕ್ಷರ 'ಸಾನ್' ಆಗಿ 'ಫೂಜಿಸಾನ್' ಎನಿಸುತ್ತದೆ. ಆದ್ದರಿಂದ ಬರಹವನ್ನು ನೋಡಿ ಅರ್ಥ ಮಾಡಿಕೊಂಡ ಚೀನೀ ವಿದ್ಯಾರ್ಥಿಗೆ ಅದೇ ಮಾತನ್ನು ಯಾರಾದರೂ ಆಡಿದಾಗ ತಿಳಿಯದೆ ಹೋಗುವುದುಂಟು. ಅವನ ಕಣ್ಣಿಗೆ ಶಬ್ದ ಗೊತ್ತು, ಕಿವಿಗೆ ಗೊತ್ತಿಲ್ಲ.

ಕತಕಾನದಲ್ಲಿ ಬರೆಯುವ ಹೊರನಾಡಿನ ಶಬ್ದಗಳೂ ಅವನಿಗೆ ಕಷ್ಟವೇ. ಚೀನೀಯರು ಹೊಸ ವಸ್ತುಗಳ ಹೆಸರನ್ನು ಹೆಚ್ಚಾಗಿ ಅರ್ಥ ನೋಡಿ ಅನುವಾದಿಸಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಅವರಲ್ಲಿ 'ವಿದ್ಯುತ್ ಮೆದುಳು' ಎಂಬ ಅರ್ಥದ ಹೆಸರಿದೆ. ಜಪಾನೀಯರು 'ಕೊಂಪ್ಯೂತಾ' ಎಂದು ಧ್ವನಿಯನ್ನೇ ಬರೆಯುತ್ತಾರೆ. ಬಸ್ಸಿಗೆ 'ಬಸು', ಟೆಲಿವಿಷನ್ನಿಗೆ 'ತೆರೆಬಿ'. ಇಲ್ಲಿ ಕಾಂಜಿಯ ನೆರವಿಲ್ಲ. ಗಟ್ಟಿಯಾಗಿ ಓದಿ ಕಿವಿಯಿಂದಲೇ ಗುರುತಿಸಬೇಕು.

ನಮ್ಮ ಮಕ್ಕಳ ಸ್ಥಿತಿ ಇದಕ್ಕೆ ತಿರುಗುಮುರುಗು. ಅವರಿಗೆ ಕನ್ನಡ ಕಿವಿಯಿಂದ ಬಂದದ್ದು. ಮನೆಯಲ್ಲಿ ಕೇಳಿದ ಸಾವಿರಾರು ಶಬ್ದಗಳು ಕಿವಿಗೆ ಗೊತ್ತು. ಪುಸ್ತಕದಲ್ಲಿ ಮಾತ್ರ ಕಾಣಸಿಗುವ ಶಬ್ದಗಳು ಕಣ್ಣಿಗೆ ಹೊಸತು. "ಮನೆಯಲ್ಲಿ ಕನ್ನಡ ಮಾತಾಡುತ್ತಾನಲ್ಲ, ಓದುವುದು ತಾನಾಗಿ ಬರುತ್ತದೆ" ಎಂದು ಕೆಲವು ಹೆತ್ತವರು ಹೇಳುತ್ತಾರೆ. ಅಕ್ಷರ ಬಲ್ಲವನಿಗೆ ಜಪಾನೀ ತಾನಾಗಿ ಬಾರದಿರುವಂತೆಯೇ ಮಾತು ಬಲ್ಲವನಿಗೆ ಓದು ತಾನಾಗಿ ಬಾರದು. ಎರಡೂ ಕಡೆ ಅರ್ಧ ಬಂಡವಾಳ ಕೈಯಲ್ಲಿದೆ; ಉಳಿದರ್ಧವನ್ನು ದುಡಿದೇ ಸೇರಿಸಬೇಕು.

ಅವರು ಕಲಿಯುವ ಉಪಾಯ, ನಾವು ಕಲಿಯಬಹುದಾದದ್ದು

ಹಾಗಾದರೆ ಚೀನೀ ವಿದ್ಯಾರ್ಥಿಗಳು ತಮ್ಮ ಅಕ್ಷರಗಳನ್ನು ಮರೆತು ಜಪಾನೀ ಕಲಿಯಬೇಕೇ? ಹಾಗೆ ಯಾವ ಅಧ್ಯಾಪಕರೂ ಹೇಳಲಾರರು. ಅವರು ಓದಿನಲ್ಲಿ ಉಳಿದ ದೇಶದವರಿಗಿಂತ ಬೇಗ ಮುಂದೆ ಹೋಗುವುದಕ್ಕೆ ಕಾರಣವೇ ಆ ಅಕ್ಷರಗಳು. ಮಾಡಬೇಕಾದದ್ದು ಇಷ್ಟೇ: ಗೊತ್ತಿರುವುದನ್ನು ಇಟ್ಟುಕೊಂಡೇ ಪರೀಕ್ಷಿಸಿ ನೋಡುವುದು. ಇದಕ್ಕೆ ನಾಲ್ಕು ಅಭ್ಯಾಸಗಳು ಸಾಕು.

1. ಶಬ್ದವನ್ನು ಬಿಡಿಯಾಗಿ ಕಲಿಯದೆ ವಾಕ್ಯದಲ್ಲಿ ಕಲಿಯುವುದು. 'ಮುಸುಮೆ ಎಂದರೆ ಮಗಳು' ಎಂದು ಬಾಯಿಪಾಠ ಮಾಡುವುದಕ್ಕಿಂತ ಮಗಳಿಂದ ಪತ್ರ ಬಂದ ವಾಕ್ಯವನ್ನು ನೆನಪಿಡುವುದು ಮೇಲು.

2. ಸಣ್ಣ ಅಕ್ಷರಗಳನ್ನು ಬಿಡದೆ, ವಾಕ್ಯವನ್ನು ಕೊನೆಯ ತನಕ ಓದುವುದು. ನಮ್ಮಲ್ಲೂ 'ಅನ್ನು', 'ಇಂದ', 'ಗೆ', 'ಇಲ್ಲ' ಎಂಬ ತುಣುಕುಗಳೇ ವಾಕ್ಯದ ಯಜಮಾನರು.

3. ಗಟ್ಟಿಯಾಗಿ ಓದುವುದು. ಕಣ್ಣು ಹಾರಿಹೋದಲ್ಲಿ ನಾಲಿಗೆ ತಡೆಯುತ್ತದೆ.

4. ಮುಂದಿನ ವಾಕ್ಯದೊಡನೆ ಹೊಂದದಿದ್ದರೆ ಹಿಂದೆ ಹೋಗುವುದು. ಪತ್ರದ ಕಥೆಯಲ್ಲಿ, "ಅವಳು ಈ ವರ್ಷ ಒಂದನೆಯ ತರಗತಿಗೆ ಸೇರಿದ್ದಾಳೆ" ಎಂದು ಮುಂದೆ ಬಂದರೆ, ತಾಯಿ ಒಂದನೆಯ ತರಗತಿಗೆ ಸೇರುವುದುಂಟೇ ಎಂದು ಓದುಗ ತನ್ನನ್ನೇ ಕೇಳಿಕೊಳ್ಳಬೇಕು. ಒಳ್ಳೆಯ ಓದುಗನೂ ತಪ್ಪು ಮಾಡುತ್ತಾನೆ. ಆದರೆ ತಪ್ಪಿದ್ದೇನೆಂದು ಅವನಿಗೆ ಬೇಗ ತಿಳಿಯುತ್ತದೆ.

ನಮ್ಮ ಹುಡುಗನೂ ಈ ನಾಲ್ಕನೆಯ ಅಭ್ಯಾಸದಿಂದ ಪಾರಾಗಬಹುದಿತ್ತು. ರೈಲು ಬರುವ ಹೊತ್ತಾಗಿತ್ತು ಎಂದು ಮೊದಲ ವಾಕ್ಯವೇ ಹೇಳಿತ್ತಲ್ಲ! ರೈಲಿನ ಹೊತ್ತಿಗೂ 'ಒಳ್ಳೆಯ ಅವಕಾಶ'ಕ್ಕೂ ಏನು ಸಂಬಂಧ ಎಂದು ಒಂದು ಕ್ಷಣ ನಿಂತಿದ್ದರೆ ಸಾಕಿತ್ತು. ಆದರೆ ನಿಲ್ಲುವುದನ್ನು ಅವನಿಗೆ ನಾವು ಕಲಿಸಿರಲಿಲ್ಲ.

ಹೆತ್ತವರಲ್ಲಿ ಒಂದು ಮಾತು

ನಾಲ್ಕು ಭಾಷೆ ಸೇರಿ ತಲೆ ಕಲಸಿತು ಎಂಬ ಮಾತಿಗೆ ಈಗ ಉತ್ತರ ಹೇಳಬಹುದು. ನಮ್ಮ ಗಡಿನಾಡಿನ ಮಕ್ಕಳು ಚೀನೀ ವಿದ್ಯಾರ್ಥಿಗಳಂತೆ ಶ್ರೀಮಂತರು. ಕನ್ನಡ, ಮಲಯಾಳ, ಹಿಂದಿಗಳಲ್ಲಿ ಹಂಚಿಹೋಗಿರುವ ಸಂಸ್ಕೃತ ಶಬ್ದಗಳು ಅವರ ಪಾಲಿಗೆ ಕಾಂಜಿಗಳಿದ್ದಂತೆ. ಬಹುಪಾಲು ಮೊದಲನೆಯ ಬುಟ್ಟಿಯವು. ಒಂದು ಕಲಿತರೆ ಮೂರು ಕಡೆ ಉಪಯೋಗ. ಕೆಲವು ಮಾತ್ರ ಮೋಸ ಮಾಡುತ್ತವೆ. 'ಉಪನ್ಯಾಸ' ಕನ್ನಡದಲ್ಲಿ ಭಾಷಣ, ಮಲಯಾಳದಲ್ಲಿ ಪ್ರಬಂಧ, ಹಿಂದಿಯಲ್ಲಿ ಕಾದಂಬರಿ! 'ಸಂಸಾರ' ನಮಗೆ ಕುಟುಂಬ, ಮಲಯಾಳದಲ್ಲಿ ಮಾತುಕತೆ, ಹಿಂದಿಯಲ್ಲಿ ಲೋಕ. ಇಂಥ ಕೆಲವು ಶಬ್ದಗಳಿಗೆ ಹೆದರಿ ಭಾಷೆಯನ್ನೇ ಬಿಡಿಸುವುದು, ಅಕ್ಕಿಯಲ್ಲಿ ನಾಲ್ಕು ಕಲ್ಲಿದೆಯೆಂದು ಮುಡಿಯನ್ನೇ ಎಸೆದಂತೆ. ಕಲ್ಲನ್ನು ಆರಿಸುವುದಕ್ಕೆ ಕಲಿಸಿದರಾಯಿತು. ದಿನಕ್ಕೆ ಹತ್ತು ನಿಮಿಷ ಮಗುವಿನಿಂದ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಿ, "ಏನಾಯಿತಂತೆ?" ಎಂದು ಕೇಳಿರಿ. ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳುವ ಮಗು ಓದಿದೆ. ಹೇಳಲಾರದ ಮಗು ಅಕ್ಷರಗಳನ್ನು ಉಚ್ಚರಿಸಿದೆ, ಅಷ್ಟೇ.

ಆ ತಂದೆಯವರಿಗೆ ಇಷ್ಟನ್ನೂ ಹೇಳಿದೆವು. ಅವರು ಪೂರ್ತಿಯಾಗಿ ಒಪ್ಪಿದರೆಂದು ಹೇಳಲಾರೆವು. ಆದರೆ ಹುಡುಗ ಈ ವರ್ಷವೂ ನಮ್ಮ ತರಗತಿಯಲ್ಲೇ ಇದ್ದಾನೆ. 'ಎರಡು ಮುಖದ ಶಬ್ದಗಳು' ಎಂಬ ಒಂದು ನೋಟುಪುಸ್ತಕವನ್ನು ಇಟ್ಟುಕೊಂಡಿದ್ದಾನೆ. ಅದರ ಮೊದಲ ಪುಟದ ಮೊದಲ ಶಬ್ದ 'ಅವಸರ'. ನಾವೂ ಒಂದು ಬದಲಾವಣೆ ಮಾಡಿಕೊಂಡಿದ್ದೇವೆ. ತಪ್ಪು ಉತ್ತರದ ಬದಿಯಲ್ಲಿ 'ಓದಿಲ್ಲ' ಎಂದು ಬರೆಯುವುದನ್ನು ಬಿಟ್ಟಿದ್ದೇವೆ. ಈಗ ನಾವು ಬರೆಯುವುದು, "ಈ ಶಬ್ದವನ್ನು ನೀನು ಹೇಗೆ ಅರ್ಥಮಾಡಿಕೊಂಡೆ?"

ಅಭ್ಯಾಸ

1. 'ಕ್ಷಮೆ', 'ಚಿಂತೆ' ಎಂಬ ಶಬ್ದಗಳಿಗೆ ಕನ್ನಡದಲ್ಲಿ ಏನರ್ಥ, ಮಲಯಾಳದಲ್ಲಿ ಏನರ್ಥ? ಒಂದೊಂದನ್ನೂ ಕನ್ನಡದ ಸ್ವಂತ ವಾಕ್ಯದಲ್ಲಿ ಬಳಸಿರಿ.

2. 'ಶಿಕ್ಷೆ', 'ಅನುಮಾನ', 'ಆಲೋಚನೆ' ಎಂಬ ಶಬ್ದಗಳು ಹಿಂದಿಯಲ್ಲಿ ಯಾವ ಅರ್ಥದಲ್ಲಿ ಬಳಕೆಯಾಗುತ್ತವೆ? ಹಿಂದಿ ಅಧ್ಯಾಪಕರನ್ನು ಕೇಳಿ ಬರೆಯಿರಿ. ಇವು ಎರಡನೆಯ ಬುಟ್ಟಿಗೆ ಸೇರುತ್ತವೆಯೋ, ಮೂರನೆಯದಕ್ಕೋ? ಕಾರಣ ಕೊಡಿರಿ.

3. ಒಂದೇ ಒಂದು ವಿಭಕ್ತಿ ಪ್ರತ್ಯಯ ಬದಲಾದಾಗ ಅರ್ಥ ತಿರುಗಿಹೋಗುವ ಎರಡು ಕನ್ನಡ ವಾಕ್ಯಗಳನ್ನು ರಚಿಸಿರಿ.

4. ನಿಮ್ಮ ಮನೆಯಲ್ಲಿ ಹಿರಿಯರು ಆಡುವ, ಪುಸ್ತಕದಲ್ಲಿ ನೀವು ಇದುವರೆಗೆ ಕಾಣದ ಐದು ಶಬ್ದಗಳನ್ನು ಬರೆದು ತನ್ನಿರಿ. ಅವುಗಳ ಅರ್ಥವನ್ನು ತರಗತಿಯಲ್ಲಿ ನೀವು ನಮಗೆ ಹೇಳಿಕೊಡಬೇಕು.